ಪಾಲೊ ವೆರ್ಡೆ ಮರದ ಕಾಂಡ ಯಾಕೆ ಹಸಿರಾಗಿರುತ್ತೆ?

ಈ ಮರದ ಫೋಟೋ ನೋಡಿ ಕಾಂಡಕ್ಕೆ ಹಸಿರು ಪೇಂಟ್ ಹೊಡೆದಿದಾರಾ ಅಂತ ಕೇಳಿದೀರ, ಇಲ್ಲ, ತೊಗಟೆನೇ ಹಸಿರು. ಅಮೆರಿಕದ ಅರಿಜೋನಾ, ಮೆಕ್ಸಿಕೋ ಕಡೆಯ ಸೊನೋರನ್ ಮರುಭೂಮಿ ಮರ ಇದು, ಸ್ಪ್ಯಾನಿಷ್‌ನಲ್ಲಿ ಹೆಸರಿನ ಅರ್ಥನೇ ಹಸಿರು ಕೋಲು, 1954ರಿಂದ ಅರಿಜೋನಾದ ರಾಜ್ಯಮರ ಕೂಡ. ತೊಗಟೆಯಲ್ಲಿ ಕ್ಲೋರೋಫಿಲ್ (ಎಲೆಗೆ ಹಸಿರು ಬಣ್ಣ ಕೊಡೋ ಪತ್ರಹರಿತು) ಇರೋದ್ರಿಂದ ಎಲೆ ಮಾಡೋ ಅಡುಗೆನ ಕಾಂಡನೇ ಮಾಡ್ಕೊಳ್ಳುತ್ತೆ, ಎಲೆಗಳೋ ಜಾಲಿ ಎಲೆಗಿಂತ ಪುಟಾಣಿ, ಬಿಸಿಲು ಜಾಸ್ತಿಯಾಗಿ ನೀರು ಸಿಗದೇ ಇದ್ದಾಗ ಅವನ್ನೂ ಉದುರಿಸಿ ಬರೀ ಕೊಂಬೆಯಲ್ಲೇ ತಿಂಗಳುಗಟ್ಲೆ ಕಾಲ ಹಾಕುತ್ತೆ.

ಮುಳ್ಳಿನ ವಿಷಯ ಇನ್ನೂ ಮಜಾ. ಈ ಮರದ ಗುಡ್ಡದಲ್ಲಿ ಬೆಳೆಯೋ ಜಾತಿಯಲ್ಲಿ (ಪಾರ್ಕಿನ್ಸೋನಿಯಾ ಮೈಕ್ರೋಫಿಲ್ಲಾ) ರೆಂಬೆ ತುದಿನೇ ಚೂಪಾಗಿ ಮುಳ್ಳಾಗಿರುತ್ತೆ, ಹಳ್ಳದ ಪಕ್ಕ ಬೆಳೆಯೋ ಜಾತಿಯಲ್ಲಿ (ಪಾರ್ಕಿನ್ಸೋನಿಯಾ ಫ್ಲೋರಿಡಾ) ಎಲೆ ಬುಡದಲ್ಲಿ ಸಣ್ಣ ಮುಳ್ಳು. ಹೂವು ಹಳದಿ, ಆದ್ರೆ ಗುಡ್ಡದ ಜಾತಿಲಿ ಐದು ದಳದಲ್ಲಿ ಮೇಲಿನದೊಂದು ಬಿಳಿ, ಗುರುತು ಹಿಡಿಯೋಕೆ ಅದೇ ಸುಲಭ. ಕಾಯಿ ನೋಡಿದ್ರೆ ಅವರೆ ಜಾತಿ ಅಂತ ಗೊತ್ತಾಗುತ್ತೆ. ಅಂದಹಾಗೆ ದೊಡ್ಡ ಸಗ್ವಾರೋ ಕಳ್ಳಿಗಳು ಸಸಿಯಾಗಿದ್ದಾಗ ಎಷ್ಟೋ ಸಲ ಇದರ ನೆರಳಲ್ಲೇ ಬದುಕೋದು.