ಮೆಡಿಕಲ್ ಕಾಲೇಜಿನ ಎಮರ್ಜೆನ್ಸಿ ವಿಭಾಗದ ನಾಯಕತ್ವದಲ್ಲಿ ಬೇರೆ ಬೇರೆ ಹಿನ್ನೆಲೆಯವರು ಯಾಕೆ ಬೇಕು? ಒಳ್ಳೆಯ ಡಾಕ್ಟರ್ ಆಗಿದ್ದರೆ ಸಾಲದಾ?

ಸಾಲದು. ಯಾರನ್ನು ಮೊದಲು ನೋಡಬೇಕು, ಕಲಿಯುವ ಡಾಕ್ಟರಿಗೆ ಏನು ಹೇಳಿಕೊಡಬೇಕು ಅಂತ ತೀರ್ಮಾನಿಸುವವರು ವಿಭಾಗದ ಮುಖ್ಯಸ್ಥರು. ಅವರ ಗಮನಕ್ಕೆ ಬಾರದ್ದು ಶಿಷ್ಯರಿಗೂ ದಾಟುವುದಿಲ್ಲ.

ನಮ್ಮ ಗಡಿನಾಡು ಮಂಜೇಶ್ವರದ ಕಡೆಯ ಅಜ್ಜಿಯೊಬ್ಬರು ಬಂದರು ಅನ್ನಿ. ತುಳು ಬಿಟ್ಟರೆ ಬೇರೆ ಬಾರದು. ಎದೆನೋವು ಅನ್ನುವುದಿಲ್ಲ, ಬೆನ್ನು ನೋವು, ವಾಕರಿಕೆ, ಸುಸ್ತು ಅನ್ನುತ್ತಾರೆ. ಹಾರ್ಟ್ ಅಟ್ಯಾಕಿನಲ್ಲಿ ಇಂಥ ಲಕ್ಷಣ ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಗ್ಯಾಸ್ಟ್ರಿಕ್ ಅಂತ ಸುಮ್ನೆ ಬೆಂಚಿನಲ್ಲಿ ಕೂರಿಸಿದರೆ ಆ ಹೊತ್ತು ಹೋಯಿತು, ಅಲ್ವಾ?

ಇದನ್ನು ಬಲ್ಲ ಮಹಿಳೆಯರು, ಗಡಿನಾಡಿನ ಭಾಷೆ ಗೊತ್ತಿದ್ದವರು ನಿಯಮ ಮಾಡುವ ಜಾಗದಲ್ಲಿದ್ದರೆ ಬಾಗಿಲಲ್ಲೇ ಸರಿಯಾದ ಪ್ರಶ್ನೆ ಕೇಳುವ ಪದ್ಧತಿ ಬರುತ್ತದೆ. ಭಾರತದಲ್ಲಿ ಎಮರ್ಜೆನ್ಸಿ ಮೆಡಿಸಿನ್‌ಗೆ ಪ್ರತ್ಯೇಕ ವಿಷಯವಾಗಿ ಮಾನ್ಯತೆ ಸಿಕ್ಕಿದ್ದೇ 2009ರಲ್ಲಿ. ಪದ್ಧತಿಗಳು ಇನ್ನೂ ರೂಪುಗೊಳ್ಳುತ್ತಿವೆ, ಹಾಗಾಗಿ ಇಂಥವರನ್ನು ಈಗಲೇ ಸೇರಿಸಿಕೊಳ್ಳಬೇಕು.