ಪ್ರತಿ: ಅಮೆರಿಕ ಡೇಟಾದಲ್ಲಿ ಬಡವರಿಗಿಂತ ಮಧ್ಯಮದವರಿಗೇ ಬೊಜ್ಜು ಜಾಸ್ತಿ ಬರ್ತಿದೆ, ಎಲ್ಲಿ ತಪ್ಪಾಗಿದೆ?

ಬಹುಶಃ ಗಂಡಸರು ಹೆಂಗಸರನ್ನ ಒಟ್ಟಿಗೆ ಹಾಕಿದೀರ, ಮೊದ್ಲು ಬೇರೆ ಮಾಡಿ. 2011-14ರ ಅಮೆರಿಕ ಸರ್ಕಾರಿ ಸರ್ವೆಲಿ ಬೊಜ್ಜಿರೋರ ಪ್ರಮಾಣ ಹೆಂಗಸರದ್ದು ಕಡಿಮೆ ಆದಾಯಕ್ಕೆ 45.2%, ಮಧ್ಯಕ್ಕೆ 42.9%, ಮೇಲಿನವರಿಗೆ 29.7%, ಗಂಡಸರದ್ದು ನೋಡಿದ್ರೆ 31.5, 38.5, 32.6, ಅಂದ್ರೆ ಮಧ್ಯದಲ್ಲೇ ಉಬ್ಬು, ಎರಡನ್ನೂ ಕಲಸಿದ್ರೆ ನಿಮಗೆ ಬಂದಂಗೇ ಬರತ್ತೆ. ಆಮೇಲೆ ಆದಾಯನ ಬರೀ ಡಾಲರಲ್ಲಿ ತಗೋಬೇಡಿ, ಮನೇಲಿ ಎಷ್ಟು ಜನ ಅಂತ ನೋಡಿ ಬಡತನ ರೇಖೆಯ ಎಷ್ಟು ಪಟ್ಟು ಅಂತ ಲೆಕ್ಕ ಹಾಕಿ, 130% ಒಳಗೆ ಇದ್ರೆ ಕಡಿಮೆ ಆದಾಯ, 350% ಮೇಲೆ ಇದ್ರೆ ಮೇಲಿನವರು, ಮಿಕ್ಕಿದ್ದು ಮಧ್ಯ. ಜನಾಂಗನೂ ಒಡೆದು ನೋಡಿ, ಕಪ್ಪು ಹೆಂಗಸರಲ್ಲಿ ಆದಾಯ ಏರಿದಂಗೆ ಬೊಜ್ಜು ಇಳಿಯೋ ಈ ಇಳಿಜಾರು ಕಾಣಲ್ಲ. ತೂಕ ಅಳೆದಿದ್ದೋ ಫೋನಲ್ಲಿ ಕೇಳಿದ್ದೋ ಚೆಕ್ ಮಾಡಿ, ಬಾಯಲ್ಲಿ ಎಲ್ಲರೂ ಸಣ್ಣನೇ! ಇಷ್ಟು ಮಾಡಿದ್ಮೇಲೂ ಹಂಗೇ ಬಂದ್ರೆ ನೀವು ಲೆಕ್ಕಕ್ಕೆ ಬರೆದ ಕೋಡ್ ಇಲ್ಲಿ ಹಾಕಿ.