ಗುಳೆ ಹೋದ ಮಗ, ನಿದ್ದೆ ಬಾರದ ತಾಯಿ

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಕೊಪ್ಪಳ ಕಡೆಯ ಕೂಲಿ ಕುಟುಂಬದ ತಾಯಿ, ವಯಸ್ಸು 68. ಮಗ, ಸೊಸೆ ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕಿದ್ದಾರೆ, ಮೊಮ್ಮಕ್ಕಳು ಇವರ ಹತ್ತಿರ. ತಾಲ್ಲೂಕು ಆಸ್ಪತ್ರೆಗೆ ಬಂದದ್ದು ಎದೆನೋವು ಅಂತ. ಇಸಿಜಿ, ಥೈರಾಯ್ಡ್ ಎಲ್ಲ ಸರಿ ಇದ್ದದ್ದಕ್ಕೆ ಮಾನಸಿಕ ಆರೋಗ್ಯದ ನಮ್ಮ ಕೋಣೆಗೆ ಕಳಿಸಿದರು.

"ಚಿಂತಿ ಏನಿಲ್ಲವ್ವ, ಎದಿ ಡವಡವ ಅಂತೈತಿ, ನಿದ್ದಿ ಹತ್ತವಲ್ದು" ಅಂದರು. ಕೇಳ್ತಾ ಹೋದರೆ, ಮಗ ಕಟ್ಟಡದ ಮೇಲಿಂದ ಬಿದ್ದಂತೆ ಕಣ್ಮುಂದೆ ಬರುತ್ತದೆ, ಅವನು ಫೋನ್ ಎತ್ತೋವರೆಗೂ ಮಾಡ್ತಾನೇ ಇರುತ್ತಾರೆ, ಮೊಮ್ಮಗು ಕೆಮ್ಮಿದರೆ ರಾತ್ರಿಯಿಡೀ ಎದ್ದು ಕೂರುತ್ತಾರೆ. ಹೀಗಾಗಿ ವರ್ಷದ ಮೇಲಾಯಿತು. ಚಿಂತೆ ಆರು ತಿಂಗಳಾದರೂ ಬಿಡದೆ ನಿದ್ದೆ, ಕೆಲಸ ಕೆಡಿಸಿದರೆ ಅದು ಕಾಯಿಲೆ. ವಯಸ್ಸಾಯ್ತಲ್ಲ ಅಂತ ಸುಮ್ನೆ ಬಿಡೋದಲ್ಲ.

ಸೆರಗಿನ ಗಂಟಿನಲ್ಲಿ ಅರ್ಧ ಖಾಲಿಯಾದ ನಿದ್ದೆ ಮಾತ್ರೆ, ಚೀಟಿ ಇಲ್ಲದೆ ಅಂಗಡಿಯಿಂದ ತಂದದ್ದು. ಈ ವಯಸ್ಸಿನಲ್ಲಿ ಅದರಿಂದ ತಲೆ ತಿರುಗಿ ಬೀಳೋದು, ಮರೆವು ಜಾಸ್ತಿ. ಒಮ್ಮೆಲೇ ನಿಲ್ಲಿಸಿದರೂ ತೊಂದರೆ. ಮನೋವೈದ್ಯರು ಸ್ವಲ್ಪಸ್ವಲ್ಪವೇ ಇಳಿಸಿ, ಆತಂಕಕ್ಕೆ ಬೇರೆ ಮಾತ್ರೆ ಕೊಟ್ಟರು. ಅದು ಹಿಡಿಯೋಕೆ ಕೆಲವು ವಾರ ಬೇಕು ಅಂತ ಮೊದಲೇ ಹೇಳಿದೆ, ಇಲ್ಲದಿದ್ದರೆ ನಾಲ್ಕೇ ದಿನಕ್ಕೆ ಬಿಡುತ್ತಾರೆ.

ಚಿಂತೆ ಮಾಡಬೇಡಿ ಅಂತ ಮಾತ್ರ ನಾನು ಹೇಳಲಿಲ್ಲ. ಅವರ ಭಯದಲ್ಲಿ ಅರ್ಧ ನಿಜವೇ ಅಲ್ವಾ? ಸಂಧ್ಯಾ ಸುರಕ್ಷಾ ಪಿಂಚಣಿ ನಿಂತುಹೋಗಿತ್ತು. ಅದಕ್ಕೆ ಉಸಿರಾಟದ ಅಭ್ಯಾಸ ಕಲಿಸಿ ಏನು ಪ್ರಯೋಜನ? ಆಶಾ ಕಾರ್ಯಕರ್ತೆಯನ್ನು ಜೊತೆ ಮಾಡಿ ಮೊದಲು ನಾಡಕಚೇರಿಗೆ ಕಳಿಸಿದೆ. ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ, ಅಷ್ಟೇ.

ಓದು ಬರಹ ಬಾರದವರಿಗೆ ಚಿಂತೆ ಬರೆದಿಡಿ ಅನ್ನೋಕಾಗಲ್ಲ. ಹುಣಸೆ ಬೀಜ, ಎರಡು ಬಟ್ಟಲು ಸಾಕು ಅಂದೆ. ಸಂಜೆ ಅಡುಗೆ ಮುಗಿಸಿ ಕಟ್ಟೆ ಮೇಲೆ ಕೂತು, ಒಂದೊಂದು ಚಿಂತೆಗೆ ಒಂದೊಂದು ಬೀಜ: ನಾಳೆ ಏನಾದರೂ ಮಾಡಬಹುದಾದದ್ದು ಒಂದರಲ್ಲಿ, ಕೈಯಲ್ಲಿಲ್ಲದ್ದು ಇನ್ನೊಂದರಲ್ಲಿ. ಅರ್ಧ ಗಂಟೆ, ಸಾಕು. ರಾತ್ರಿ ಚಿಂತೆ ಬಂದರೆ ಅದನ್ನ ನಾಳೆ ಸಂಜೆಗೆ ಇಡಬೇಕು. ಮೊದಲ ವಾರ ಎರಡನೇ ಬಟ್ಟಲೇ ತುಂಬಿತ್ತಂತೆ, ನಗ್ತಾ ಹೇಳಿದರು.

ಎದೆ ಹೊಡೆದುಕೊಂಡಾಗ ಹುಲಿಗೆಮ್ಮನ ಹೆಸರು ಹೇಳ್ತಾ ನಿಧಾನಕ್ಕೆ ಉಸಿರು ಬಿಡೋದು ಅವರೇ ಆರಿಸಿಕೊಂಡದ್ದು, ನಾನು ತಿದ್ದಲಿಲ್ಲ. ಬೆವರು, ತೋಳಿಗೆ ನೋವು ಬಂದರೆ ಮಾತ್ರ ಜಪ ಬಿಟ್ಟು ಆಸ್ಪತ್ರೆಗೆ ಬನ್ನಿ ಅಂದೆ.

ಮಗ ದಿನದ ಕೆಲಸ ಮುಗಿಸಿ ಸಂಜೆ ಏಳು ಗಂಟೆಗೆ ಫೋನ್ ಮಾಡ್ತಾನೆ, ಅಷ್ಟರವರೆಗೆ ಇವರು ಮಾಡೋ ಹಾಗಿಲ್ಲ ಅಂತ ಒಪ್ಪಂದ ಆಯಿತು. ಈಗ ಮಧ್ಯಾಹ್ನ ಒಮ್ಮೊಮ್ಮೆ ಮುರೀತಾರೆ, ಪರವಾಗಿಲ್ಲ. ಮಗನಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಟ್ಟಿದ್ದೇನೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅವನ ದನಿ ಕೇಳಿದರೆ ಅವನಿಗೂ ಬೇಕಾಗಬಹುದು ಅನ್ನಿಸಿತು.